ಪೇಟೆಯ ಭರವಸೆಯೂ ದಾಸೋಹದ ಹೊಣೆಯೂ

ಆಸೆ, ಭರವಸೆ ಎಂಬ ಎರಡು ಮಾತುಗಳನ್ನು ನಾವು ನಿತ್ಯದ ಬಳಕೆಯಲ್ಲಿ ಒಂದೇ ಅರ್ಥದಲ್ಲಿ ಆಡುವುದುಂಟು. ತುಸು ವಿಚಾರಿಸಿ ನೋಡಿದರೆ ಇವೆರಡಕ್ಕೂ ಅಜಗಜಾಂತರ. ಮಳೆ ಬಂದೀತೆಂಬ ನಂಬಿಕೆಯಿಂದ ಒಕ್ಕಲಿಗನು ಹೊಲವನ್ನು ಹದಗೊಳಿಸಿ ಬೀಜ ಬಿತ್ತುತ್ತಾನೆ, ಅದು ಭರವಸೆ. ಹದ ಮಾಡದೆ, ಬಿತ್ತದೆ, ಬೆಳೆ ಮಾತ್ರ ತನ್ನ ಕಣಜವನ್ನು ತುಂಬಲೆಂದು ಹಂಬಲಿಸುವುದು ಆಸೆ. ಭರವಸೆಯ ಬೆನ್ನಿಗೆ ಕಾಯಕವಿದೆ, ಅರಿವಿದೆ, ತಾಳ್ಮೆಯಿದೆ. ಆಸೆಯ ಬೆನ್ನಿಗೆ ಬರಿಯ ದಾಹವಿದೆ. ಶಿವಶರಣರು ಅಡವಿ ಸೇರಿದವರಲ್ಲ. ಮನೆ ಮಕ್ಕಳೊಂದಿಗೆ ಬಾಳಿ, ದುಡಿದು, ಗಳಿಸಿ, ನೀಡಿದವರು. ಆದುದರಿಂದಲೇ ಇವೆರಡರ ಅಂತರವನ್ನು ಅವರಷ್ಟು ಸೂಕ್ಷ್ಮವಾಗಿ ಕಂಡವರು ವಿರಳ.

ಈ ವಿವೇಕವನ್ನು ನಮ್ಮ ಕಾಲದ ಒಂದು ದೊಡ್ಡ ಘಟನೆಗೆ ಹಚ್ಚಿ ನೋಡುವುದು ಇಲ್ಲಿಯ ಉದ್ದೇಶ. 2020 ಮತ್ತು 2021ನೆಯ ಇಸವಿಗಳಲ್ಲಿ ಕೋವಿಡ್ ಮಹಾಮಾರಿಯು ಜಗತ್ತನ್ನೆಲ್ಲ ಆವರಿಸಿದ್ದಾಗ, ಆಸ್ಪತ್ರೆಗಳೂ ಸ್ಮಶಾನಗಳೂ ತುಂಬಿದ್ದಾಗ, ಷೇರು ಪೇಟೆಯು ದಿನದಿನಕ್ಕೆ ಏರುತ್ತ ಹೋಯಿತು. ಆ ಏರಿಕೆಯನ್ನು ಕಂಡು ಕೆಲವರು ಹಿಗ್ಗಿದರು, ಕೆಲವರು ಹೇಸಿದರು, ಬಹುಮಂದಿ ಬೆರಗಾದರು. ಪೇಟೆಯ ಆ ಭರವಸೆ ನ್ಯಾಯವಾದುದೆ? ಅದರಲ್ಲಿ ಪಾಲುಗೊಂಡ ಗೃಹಸ್ಥನು ಧರ್ಮಕ್ಕೆ ಹೊರಗಾದನೆ? ಮಾರಿ ಸರಿದು ಹೋದ ಮೇಲೆ ಈ ಪ್ರಶ್ನೆಯನ್ನು ಎತ್ತುವುದು ವ್ಯರ್ಥವೆಂದು ಯಾರೂ ಭಾವಿಸಬೇಕಾಗಿಲ್ಲ. ಸಂಕಟದ ಕಾಲ ಮರಳಿ ಬರುವುದು; ಆಗ ಮನಸ್ಸು ತಿಳಿಯಾಗಿರಬೇಕಾದರೆ ಈಗಲೇ ವಿಚಾರ ಮಾಡಿಕೊಂಡಿರಬೇಕು.

ಮೊದಲು ನಡೆದುದನ್ನು ನೆನೆಯೋಣ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಈ ರೋಗವನ್ನು ಜಾಗತಿಕ ಮಹಾಮಾರಿಯೆಂದು ಕರೆಯಿತು. ಮರುದಿನ, ಮಾರ್ಚ್ 12ರಂದು, ಎರಡು ಸುದ್ದಿಗಳು ಬಂದವು. ಮುಂಬಯಿ ಷೇರು ವಿನಿಮಯ ಕೇಂದ್ರದ ಸೂಚ್ಯಂಕವಾದ ಸೆನ್ಸೆಕ್ಸ್ ಒಂದೇ ದಿನದಲ್ಲಿ 2,900 ಅಂಶಗಳಿಗೂ ಹೆಚ್ಚು ಕುಸಿಯಿತು. ಅದೇ ದಿನ ರಾತ್ರಿ, ಶರಣಬಸವೇಶ್ವರರ ದಾಸೋಹದಿಂದ ಪುನೀತವಾದ ನಮ್ಮ ಕಲಬುರಗಿಯಲ್ಲಿ ಎರಡು ದಿನ ಮುಂಚೆ ತೀರಿಕೊಂಡಿದ್ದ 76 ವರ್ಷದ ವೃದ್ಧರೊಬ್ಬರ ಸಾವಿಗೆ ಈ ರೋಗವೇ ಕಾರಣವೆಂದು ದೃಢಪಟ್ಟಿತು. ಭಾರತದಲ್ಲಿ ಈ ರೋಗಕ್ಕೆ ಸಂದ ಮೊದಲ ಜೀವ ಅದು. ಮಾರ್ಚ್ 23ರಂದು ಪೇಟೆಯು ಶೇಕಡಾ 13ಕ್ಕೂ ಮಿಕ್ಕಿ ಬಿದ್ದು, 26,000ಕ್ಕಿಂತ ಕೆಳಗೆ ಹೋಗಿ ನಿಂತಿತು. ಕುಸಿತದ ರಭಸಕ್ಕೆ ಅಂದು 45 ನಿಮಿಷಗಳ ಕಾಲ ವಹಿವಾಟನ್ನೇ ನಿಲ್ಲಿಸಬೇಕಾಯಿತು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿತು.

ಅಲ್ಲಿಂದ ಮುಂದಿನ ಕಥೆ ವಿಸ್ಮಯಕರವಾದುದು. ಬಾಗಿಲು ಮುಚ್ಚಿದ್ದಂತೆಯೇ ಪೇಟೆ ಏರತೊಡಗಿತು. ಅದೇ ವರ್ಷ ನವೆಂಬರ್ 9ರ ಹೊತ್ತಿಗೆ ಅದು ರೋಗಪೂರ್ವದ ಎತ್ತರವನ್ನು ದಾಟಿ 42,500ರ ಮೇಲೆ ನಿಂತಿತು. 2021ರ ಜನವರಿ 21ರಂದು ಮೊಟ್ಟಮೊದಲ ಬಾರಿಗೆ 50,000ವನ್ನು ಮುಟ್ಟಿತು. ಈ ನಡುವೆ ನಾಡಿನ ಸ್ಥಿತಿ ಹೇಗಿತ್ತು? 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ದೇಶದ ಉತ್ಪನ್ನವು, ಸರಕಾರದ ಮೊದಲ ಅಂದಾಜಿನಂತೆ, ಹಿಂದಿನ ವರ್ಷಕ್ಕಿಂತ ಶೇಕಡಾ 23.9ರಷ್ಟು ಕುಗ್ಗಿತ್ತು. ಸಿಎಂಐಇ ಎಂಬ ಸಂಸ್ಥೆಯ ಅಂದಾಜಿನ ಪ್ರಕಾರ ಏಪ್ರಿಲ್ ತಿಂಗಳೊಂದರಲ್ಲೇ 12 ಕೋಟಿಗೂ ಹೆಚ್ಚು ಜನ ಕೆಲಸ ಕಳೆದುಕೊಂಡಿದ್ದರು. ಕೂಲಿಯವರು ಗಂಟುಮೂಟೆ ಹೊತ್ತು, ಎಳೆಯ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ನೂರಾರು ಮೈಲಿ ನಡೆದರು. ಎರಡನೆಯ ಅಲೆಯಲ್ಲಿ, 2021ರ ಮೇ ಮೊದಲ ವಾರ, ದಿನವೊಂದಕ್ಕೆ 4 ಲಕ್ಷಕ್ಕೂ ಮಿಕ್ಕಿ ಹೊಸ ರೋಗಿಗಳು ಕಾಣಿಸಿಕೊಂಡಾಗಲೂ ಸೂಚ್ಯಂಕವು 48,000ದ ಮೇಲ್ಪಟ್ಟೇ ದಿನ ಮುಗಿಸುತ್ತಿತ್ತು; ತಿಂಗಳ ಕೊನೆಗೆ 51,000ವನ್ನೂ ದಾಟಿತು.

ಇದನ್ನು ಕಂಡವರು ಪೇಟೆಗೆ ಹುಚ್ಚು ಹಿಡಿದಿದೆಯೆಂದರು. ಆ ಮಾತು ಸರಿಯೆ ಎಂದು ನೋಡುವಾಗ ನಾವು ಪಕ್ಷಪಾತವಿಲ್ಲದೆ ಲೆಕ್ಕ ಹಿಡಿಯಬೇಕು. ಷೇರು ಎಂಬುದು ಒಂದು ಕಂಪೆನಿಯ ಒಡೆತನದ ಪಾಲು. ತೆಂಗಿನ ತೋಟವೊಂದನ್ನು ಕೊಳ್ಳುವವನು ಈ ವರ್ಷದ ಕಾಯಿಗಳಿಗೆ ಮಾತ್ರ ಬೆಲೆ ಕಟ್ಟುವುದಿಲ್ಲ. ಮುಂದೆ ಇಪ್ಪತ್ತು ಮೂವತ್ತು ವರ್ಷ ಬರಲಿರುವ ಫಸಲಿಗೆ ಬೆಲೆ ಕಟ್ಟುತ್ತಾನೆ. ಒಂದು ವರ್ಷ ಕಾಯಿ ಬಾರದಿದ್ದರೂ, ಗಿಡಗಳು ಸಾಯುವುದಿಲ್ಲವೆಂಬ ನಂಬಿಕೆಯಿದ್ದರೆ, ತೋಟದ ಬೆಲೆ ಬಹಳ ಇಳಿಯುವುದಿಲ್ಲ. ಪೇಟೆಯೂ ಹಾಗೆಯೇ ಎಣಿಸಿತು. ಇನ್ನೊಂದು ಕಾರಣವೂ ಉಂಟು. ರಿಸರ್ವ್ ಬ್ಯಾಂಕು ತನ್ನ ರೆಪೋ ಬಡ್ಡಿದರವನ್ನು 2020ರ ಮಾರ್ಚ್ ಮತ್ತು ಮೇ ತಿಂಗಳುಗಳಲ್ಲಿ ಶೇಕಡಾ 5.15ರಿಂದ 4ಕ್ಕೆ ಇಳಿಸಿತು. ಅಮೆರಿಕೆಯ ಕೇಂದ್ರ ಬ್ಯಾಂಕು ತನ್ನ ದರವನ್ನು ಹೆಚ್ಚುಕಡಿಮೆ ಸೊನ್ನೆಗೇ ತಂದಿತು. ಠೇವಣಿಗೆ ಬಡ್ಡಿ ಕುಗ್ಗಿದಾಗ ಹಣವು ಬೇರೆ ಆಸರೆ ಹುಡುಕುತ್ತದೆ. 2020ರ ಮಾರ್ಚ್ ತಿಂಗಳೊಂದರಲ್ಲಿ ಸುಮಾರು 62,000 ಕೋಟಿ ರೂಪಾಯಿಗಳನ್ನು ನಮ್ಮ ಪೇಟೆಯಿಂದ ಹಿಂದೆಗೆದುಕೊಂಡ ವಿದೇಶೀ ಹೂಡಿಕೆದಾರರು, ಮುಂದಿನ ಹನ್ನೆರಡು ತಿಂಗಳಲ್ಲಿ ಸುಮಾರು 2.74 ಲಕ್ಷ ಕೋಟಿಯನ್ನು ತಂದು ಸುರಿದರು. ನವೆಂಬರಿನಲ್ಲಿ ಲಸಿಕೆ ಫಲ ಕೊಟ್ಟಿತೆಂಬ ವಾರ್ತೆ ಬಂತು. ಜನವರಿ 16ರಿಂದ ಭಾರತದಲ್ಲಿಯೂ ಲಸಿಕೆ ಹಾಕುವ ಕಾರ್ಯ ಮೊದಲಾಯಿತು. ಇವೆಲ್ಲವನ್ನೂ ಕೂಡಿಸಿ ನೋಡಿದರೆ, ಪೇಟೆಯ ಲೆಕ್ಕದಲ್ಲಿ ಹುರುಳಿತ್ತೆಂದು ಒಪ್ಪಬೇಕಾಗುತ್ತದೆ.

ಆದರೆ ಲೆಕ್ಕ ಯಾವುದರದು ಎಂಬುದನ್ನು ಮರೆಯಲಾಗದು. ಸೆನ್ಸೆಕ್ಸ್ ಎಂಬುದು 30 ದೊಡ್ಡ ಕಂಪೆನಿಗಳ ಅಳತೆಗೋಲು. ಇಳಕಲ್ಲಿನ ನೇಕಾರನ ಮಗ್ಗ ಅದರಲ್ಲಿಲ್ಲ. ಬಸ್ ನಿಲ್ದಾಣದ ಬಳಿಯ ಖಾನಾವಳಿ ಅದರಲ್ಲಿಲ್ಲ. ಗಾರೆ ಕೆಲಸದವನ ದಿನಗೂಲಿ ಅದರಲ್ಲಿಲ್ಲ. ಅಷ್ಟೇ ಅಲ್ಲ, ಸಣ್ಣ ಅಂಗಡಿ ಮುಚ್ಚಿದಾಗ ಅದರ ಗಿರಾಕಿ ದೊಡ್ಡ ಅಂಗಡಿಗೆ ಹೋಗುತ್ತಾನೆ. ಸಣ್ಣವನ ನಷ್ಟವು ದೊಡ್ಡವನ ಷೇರಿನ ಬೆಲೆಯನ್ನು ಏರಿಸುವ ಸಂದರ್ಭಗಳೂ ಉಂಟು. 2020ರ ಆಗಸ್ಟಿನಲ್ಲಿ ಆಗಿನ ರಿಸರ್ವ್ ಬ್ಯಾಂಕ್ ಗವರ್ನರ್ ಶಕ್ತಿಕಾಂತ ದಾಸ್ ಅವರೇ ಷೇರು ಪೇಟೆಗೂ ನಿಜವಾದ ಆರ್ಥಿಕ ಜೀವನಕ್ಕೂ ನಂಟು ಕಡಿದಿದೆಯೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದ್ದರು. ಆದುದರಿಂದ ಪೇಟೆ ಏರಿದೆ, ನಾಡು ಕ್ಷೇಮವಾಗಿದೆ ಎಂದವನ ಮಾತು ಪೇಟೆಯ ಲೆಕ್ಕವನ್ನು ಮೀರಿದ ಮಾತು. ಅಳತೆಗೋಲು ತಾನು ಅಳೆದುದನ್ನು ಮಾತ್ರ ಹೇಳಬಲ್ಲುದು.

ಕೊನೆಗೆ ಪೇಟೆಯೇ ಗೆದ್ದಿತಲ್ಲ, ಭರವಸೆ ಇಟ್ಟವರಿಗೆ ಲಾಭವಾಯಿತಲ್ಲ, ಅದರಿಂದಲೇ ಆ ಭರವಸೆ ನ್ಯಾಯವಾಯಿತು ಎಂದು ವಾದಿಸುವವರುಂಟು. ಈ ವಾದ ನಿಲ್ಲದು. ಇಬ್ಬರು ಒಕ್ಕಲಿಗರನ್ನು ನೆನೆಯಿರಿ. ಒಬ್ಬನು ಮಣ್ಣನ್ನು ಮುಟ್ಟಿ ನೋಡಿ, ಹಸಿಯನ್ನು ಅರಿತು, ಮಳೆ ತಪ್ಪಿದರೆ ಮನೆಯ ಗತಿಯೇನೆಂದು ಯೋಚಿಸಿ, ಮನೆಗೆ ಬೇಕಾದ ಕಾಳು ತೆಗೆದಿರಿಸಿ ಬಿತ್ತಿದನು. ಇನ್ನೊಬ್ಬನು ಪಕ್ಕದವನು ಬಿತ್ತಿದನೆಂದು, ಉಣ್ಣುವ ಕಾಳನ್ನೂ ಸಾಲದ ಕಾಳನ್ನೂ ಕೂಡಿಸಿ ಚೆಲ್ಲಿದನು. ಮಳೆ ಇಬ್ಬರಿಗೂ ಬಂತು. ಬೆಳೆಯೂ ಸಮನಾಗಿ ಬಂತು. ಹಾಗೆಂದು ಇಬ್ಬರ ಒಕ್ಕಲುತನವೂ ಒಂದೇ ಎನ್ನಬಹುದೆ? ಎರಡನೆಯವನನ್ನು ಉಳಿಸಿದುದು ಮಳೆ, ಅವನ ವಿವೇಕವಲ್ಲ. ಕ್ರಿಯೆಯ ಯೋಗ್ಯತೆಯನ್ನು ಫಲದಿಂದ ಅಳೆಯದೆ, ಮಾಡುವಾತನ ಅರಿವಿನಿಂದಲೂ ಮಾಡಿದ ಬಗೆಯಿಂದಲೂ ಅಳೆಯುವುದು ಶರಣರ ರೀತಿ.

ಈ ಎರಡನೆಯ ಬಗೆಯವರು ಕಡಿಮೆ ಸಂಖ್ಯೆಯಲ್ಲಿರಲಿಲ್ಲ. 2020ರ ಮಾರ್ಚಿನಲ್ಲಿ ದೇಶದಲ್ಲಿದ್ದ ಡಿಮ್ಯಾಟ್ ಖಾತೆಗಳು ಸುಮಾರು 4 ಕೋಟಿ. ಒಂದು ವರ್ಷದಲ್ಲಿ ಅವು ಸುಮಾರು 5.5 ಕೋಟಿಯಾದವು. ಹೊಸದಾಗಿ ಬಂದವರಲ್ಲಿ ಅರಿತು ಹೂಡಿದವರೂ ಇದ್ದರು. ಮನೆಯಲ್ಲಿ ಕುಳಿತು ಬೇಸತ್ತು, ಕೈಯಲ್ಲಿನ ಫೋನಿನಲ್ಲಿಯೇ ಸಟ್ಟಾ ವ್ಯಾಪಾರಕ್ಕೆ ಇಳಿದವರೂ ಇದ್ದರು. ಇಂಥವರಲ್ಲಿ ಹಲವರನ್ನು ಫ್ಯೂಚರ್ಸ್, ಆಪ್ಷನ್ಸ್ ಎಂಬ ವಾಯಿದೆ ವ್ಯವಹಾರ ಸೆಳೆಯಿತು. ಪೇಟೆಯ ಮೇಲ್ವಿಚಾರಣೆ ನಡೆಸುವ ಸೆಬಿ ಸಂಸ್ಥೆಯು 2023ರ ಜನವರಿಯಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2021-22ರಲ್ಲಿ ಈ ವ್ಯವಹಾರಕ್ಕೆ ಕೈಹಾಕಿದ ಬಿಡಿ ವ್ಯಕ್ತಿಗಳ ಪೈಕಿ ಶೇಕಡಾ 89 ಮಂದಿ ನಷ್ಟಕ್ಕೆ ಗುರಿಯಾದರು. ಪೇಟೆ ಒಟ್ಟಿನಲ್ಲಿ ಏರಿದ ವರ್ಷದಲ್ಲಿಯೇ ಹತ್ತರಲ್ಲಿ ಒಂಬತ್ತು ಜನ ಕಳೆದುಕೊಂಡರೆಂಬುದು ಗಮನಾರ್ಹ. ಪೇಟೆಯ ಭರವಸೆ ನಿಜವಾಯಿತು. ಅದನ್ನು ಆಸೆಯನ್ನಾಗಿ ಮಾಡಿಕೊಂಡವರ ಮನೆ ಮಾತ್ರ ಬರಿದಾಯಿತು.

ಇನ್ನು ಧರ್ಮದ ಮುಖ್ಯ ಪ್ರಶ್ನೆಗೆ ಬರೋಣ. ಜನ ಸಾಯುತ್ತಿರುವಾಗ ಷೇರು ಕೊಂಡು ಲಾಭ ಪಡೆಯುವುದು ಪಾಪವಲ್ಲವೆ ಎಂದು ಅನೇಕ ಸದ್ಭಕ್ತರ ಮನಸ್ಸು ಅಳುಕುವುದುಂಟು. ಈ ಅಳುಕು ಶ್ಲಾಘ್ಯವೇ. ಆದರೂ ಅದನ್ನು ವಿವೇಚಿಸಬೇಕು. ಇಂಥಲ್ಲಿ ನಮ್ಮನ್ನು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದುಂಟು: ನನ್ನ ಭರವಸೆ ಈಡೇರಬೇಕಾದರೆ ನೆರೆಯವನಿಗೆ ಏನಾಗಬೇಕು? ಎರಡನೆಯ ಅಲೆಯಲ್ಲಿ ಔಷಧವನ್ನೂ ಆಮ್ಲಜನಕದ ಸಿಲಿಂಡರುಗಳನ್ನೂ ಬಚ್ಚಿಟ್ಟು ಕಾಳಸಂತೆಯಲ್ಲಿ ಮಾರಿದವನ ಆಸೆ ಈಡೇರಬೇಕಾದರೆ ರೋಗ ಇನ್ನಷ್ಟು ಹಬ್ಬಬೇಕು, ನೆರೆಯವನ ಉಸಿರು ಇನ್ನಷ್ಟು ಕಟ್ಟಬೇಕು. ಅದು ಘೋರ ಪಾಪವೆಂಬುದರಲ್ಲಿ ಸಂದೇಹವಿಲ್ಲ. ಕುಸಿದ ಪೇಟೆಯಲ್ಲಿ ಒಳ್ಳೆಯ ಕಂಪೆನಿಯ ಷೇರನ್ನು ಕೊಂಡು ಕಾದವನ ಭರವಸೆ ಈಡೇರಬೇಕಾದರೆ ರೋಗ ತೊಲಗಬೇಕು, ಕಾರ್ಖಾನೆ ತೆರೆಯಬೇಕು, ಕೆಲಸಗಾರ ಮರಳಿ ಬರಬೇಕು. ಅವನು ಬಯಸಿದುದು ಲೋಕದ ಕ್ಷೇಮವನ್ನೇ, ತನ್ನ ಲಾಭದ ಮೂಲಕವಾದರೂ. ಎಲ್ಲರೂ ಓಡುವಾಗ ನಿಂತವನು, ಮಾರಲೇಬೇಕಾದ ಕಷ್ಟದಲ್ಲಿದ್ದವನಿಗೆ ಕೊಳ್ಳುವ ಕೈಯಾಗಿಯೂ ಒದಗಿದನು. ಇವನನ್ನು ಪಾಪಿಯೆನ್ನಲು ಕಾರಣವಿಲ್ಲ.

ಪಾಪವಲ್ಲದ ಮಾತ್ರಕ್ಕೆ ಅದು ಪೂರ್ಣ ಧರ್ಮವಾಯಿತೆ? ಇಲ್ಲಿಯೇ ವಿಚಾರದ ತಿರುಳಿರುವುದು. ಆ ಭರವಸೆಯ ಒಡಲಲ್ಲಿದ್ದುದು ಕಾಯುವ ಶಕ್ತಿ. ಪೇಟೆಯ ಕಣ್ಣು ಮುಂದಿನ ವರ್ಷಗಳ ಮೇಲೆ. ಹಸಿವಿನ ಕಣ್ಣು ಈ ಸಂಜೆಯ ಮೇಲೆ. ಲಸಿಕೆ ಬರುವುದು, ಕಾರ್ಖಾನೆ ತೆರೆಯುವುದು ಎಂಬ ಮಾತು ಸುಳ್ಳಲ್ಲ. ಆದರೆ ಕಾಯಬಲ್ಲವನಿಗೆ ಮಾತ್ರ ಅದು ಸತ್ಯ. ಕಣಜದಲ್ಲಿ ಕಾಳಿದ್ದವನು, ತಿಂಗಳ ಸಂಬಳ ತಪ್ಪದೆ ಬಂದವನು, ಸ್ವಂತ ಸೂರಿದ್ದವನು ಕಾದನು. ಅವನಿಗೆ ಕಾಲವೇ ಲಾಭವನ್ನು ತಂದಿತು. ಹೆದ್ದಾರಿಯ ಬಿಸಿಲಲ್ಲಿ ನಡೆಯುತ್ತಿದ್ದ ಕೂಲಿಯವನಿಗೆ ಎರಡು ವರ್ಷದ ಮೇಲೆ ದೇಶ ಚೇತರಿಸುವುದೆಂದರೆ ಅದರಿಂದ ಅವನ ಮಗುವಿನ ಹೊಟ್ಟೆ ತುಂಬುವುದೆ? ಒಂದೇ ಭರವಸೆ ಒಬ್ಬನಿಗೆ ಸತ್ಯವಾಗಿ, ಇನ್ನೊಬ್ಬನಿಗೆ ಅಣಕವಾಗಿ ಕಂಡುದು ಈ ಕಾರಣದಿಂದ. ಕಾಯಬಲ್ಲವನು ಕಾಯಲಾರದವನ ಸಂಜೆಯ ಹೊಣೆಯನ್ನು ಹೊತ್ತಾಗಲೇ ಅವನ ಭರವಸೆ ನ್ಯಾಯವಾಗುತ್ತದೆ. ಆ ಹೊಣೆಗೇ ನಮ್ಮ ಹಿರಿಯರು ದಾಸೋಹವೆಂಬ ಹೆಸರಿಟ್ಟರು.

ಆಯ್ದಕ್ಕಿ ಮಾರಯ್ಯನ ಕಥೆ ನಮ್ಮೆಲ್ಲರ ಮನೆಮಾತು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುತ್ತಿದ್ದ ಆ ಶರಣನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದನು. ಸತಿ ಲಕ್ಕಮ್ಮ ಅದನ್ನು ಕಂಡು ಹಿಗ್ಗಲಿಲ್ಲ. ಈ ಹೆಚ್ಚು ಎಲ್ಲಿಂದ ಬಂತೆಂದು ವಿಚಾರಿಸಿದಳು. ತಮ್ಮ ನೇಮದ ಅಳತೆಗೆ ಮೀರಿದುದನ್ನು ಇದ್ದಲ್ಲಿಗೇ ಮರಳಿಸಿ ಬರಲು ಗಂಡನನ್ನು ಕಳುಹಿಸಿದಳು. ಹಾಗೆಯೇ, ಬೀದಿ ಗುಡಿಸುವ ಕಾಯಕದ ಸತ್ಯಕ್ಕನು ದಾರಿಯಲ್ಲಿ ಬಿದ್ದ ಹೊನ್ನನ್ನು ಮುಟ್ಟದ ನಿಷ್ಠೆಯುಳ್ಳವಳು. ಇಬ್ಬರೂ ಬಡವರು, ಅನಾಯಾಸವಾಗಿ ಬಂದುದನ್ನು ತಮ್ಮದೆನ್ನಲು ಒಲ್ಲದವರು.

ಲಕ್ಕಮ್ಮನ ಪ್ರಶ್ನೆಯನ್ನು ನಮ್ಮ ಲೆಕ್ಕಪುಸ್ತಕಕ್ಕೆ ಕೇಳಿ ನೋಡೋಣ. ಒಂದು ಲಕ್ಷ ರೂಪಾಯಿಯ ಷೇರು ವರ್ಷ ಕಳೆಯುವುದರಲ್ಲಿ ಒಂದೂವರೆ ಲಕ್ಷವಾಯಿತೆನ್ನಿ. ಈ ಹೆಚ್ಚಿನ ಅರ್ಧ ಲಕ್ಷ ಎಲ್ಲಿಂದ ಬಂತು? ಹೂಡಿದವನ ಅರಿವಿಗೂ ಧೈರ್ಯಕ್ಕೂ ಸಲ್ಲುವ ಪಾಲು ಸ್ವಲ್ಪವಿದ್ದೀತು. ಮಿಕ್ಕುದು ಬಡ್ಡಿ ಇಳಿಸಿದ ಕೇಂದ್ರ ಬ್ಯಾಂಕಿನದು, ಅಂದರೆ ನಾಡಿನ ಸಮಸ್ತರ ನಂಬಿಕೆಯದು. ಲಸಿಕೆ ಕಂಡುಹಿಡಿದ ವಿಜ್ಞಾನಿಗಳದು. ಜೀವದ ಹಂಗು ತೊರೆದು ರೋಗಿಗಳ ಸೇವೆ ಮಾಡಿದ ದಾದಿಯರದು. ಧಾನ್ಯ ಸಾಗಿಸಿದ ಲಾರಿ ಚಾಲಕರದು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕಾರ್ಖಾನೆಗೆ ಹೋದ ಕೆಲಸಗಾರರದು. ಬಡ್ಡಿ ಇಳಿದುದರಿಂದ ಷೇರುದಾರನಿಗೆ ಲಾಭವಾದಂತೆ, ಠೇವಣಿಯ ಬಡ್ಡಿಯನ್ನೇ ನೆಚ್ಚಿದ್ದ ಮುದುಕರ ಆದಾಯ ಕುಗ್ಗಿತು; ಅವರದೂ ಒಂದು ಪಾಲು ಅದರಲ್ಲಿ ಸೇರಿದೆ. ಇದು ಸಮಾಜದ ಅಂಗಳದಲ್ಲಿ ಚೆಲ್ಲಿದ ಅಕ್ಕಿ. ನಮ್ಮ ನೇಮದ ಅಳತೆಗೆ ಮೀರಿ ಮಡಿಲಿಗೆ ಬಿದ್ದುದು.

ಹಾಗಾದರೆ ಗೃಹಸ್ಥನು ಅದೆಲ್ಲವನ್ನೂ ಬಿಟ್ಟುಬಿಡಬೇಕೆ? ಶರಣ ಧರ್ಮವು ಅಷ್ಟು ನಿಷ್ಠುರವಾಗಿ ಎಲ್ಲರಿಗೂ ವಿಧಿಸುವುದಿಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿ ಹೊನ್ನಿನ ರಾಶಿಯ ನಡುವೆ ಇದ್ದವರು; ಧನವು ಮೈಲಿಗೆಯೆಂದು ಅವರು ಎಣಿಸಲಿಲ್ಲ. ನಮ್ಮಲ್ಲಿ ಪದಾರ್ಥ, ಪ್ರಸಾದ ಎಂಬ ಭೇದವುಂಟಷ್ಟೆ. ಎದುರಿಗೆ ಬಂದ ಅನ್ನವು ಪದಾರ್ಥ. ಗುರು ಲಿಂಗ ಜಂಗಮಕ್ಕೆ ಅರ್ಪಿತವಾದ ಮೇಲೆ ಅದು ಪ್ರಸಾದ. ಅರ್ಪಿಸದೆ ಉಣ್ಣುವುದು ಭಕ್ತನಿಗೆ ಸಲ್ಲದು. ಅರ್ಪಿಸಿ ಉಂಡುದು ದೋಷವಾಗದು. ಪೇಟೆಯ ಲಾಭವೂ ಒಂದು ಪದಾರ್ಥವೇ. ಅದನ್ನು ನೇರವಾಗಿ ಬಾಯಿಗಿಟ್ಟುಕೊಂಡವನು ಅನರ್ಪಿತವನ್ನು ಉಂಡಂತೆ. ಅದರ ಒಂದು ಭಾಗವನ್ನು, ನೋವು ತಟ್ಟುವಷ್ಟಾದರೂ, ಕಾಯಲಾರದವರ ಅನ್ನಕ್ಕೆ, ಔಷಧಕ್ಕೆ, ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳ ವಿದ್ಯೆಗೆ ಸಲ್ಲಿಸಿ, ಉಳಿದುದರಿಂದ ಸಂಸಾರ ನಡೆಸಿದವನು ಪ್ರಸಾದವನ್ನು ಸ್ವೀಕರಿಸಿದಂತೆ. ನೀಡುವಾಗ ತಾನು ದಾನಿಯೆಂಬ ಭಾವ ಸುಳಿಯಬಾರದು. ಅವರದನ್ನು ಅವರಿಗೆ ಮುಟ್ಟಿಸುವ ಸೇವಕನೆಂಬ ಭಾವವಿರಬೇಕು. ದಾನಕ್ಕೂ ದಾಸೋಹಕ್ಕೂ ಇರುವ ಅಂತರವೇ ಇದು.

ಸೂಚ್ಯಂಕವು 50,000ವನ್ನು ಮೊದಲು ಮುಟ್ಟಿದ 2021ರ ಜನವರಿ 21, ತುಮಕೂರಿನ ಸಿದ್ಧಗಂಗೆಯ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾದ ದಿನದ ಎರಡನೆಯ ವರ್ಷ. ಸಾವಿರಾರು ಬಡ ಮಕ್ಕಳಿಗೆ ದಿನವೂ ಅನ್ನವಿಕ್ಕಿ, ವಿದ್ಯೆ ಕೊಟ್ಟ ಆ ಮಹಾನುಭಾವರ ಭರವಸೆ ಯಾವುದಾಗಿತ್ತು? ಇಂದು ಉಂಡ ಮಗು ನಾಳೆ ಓದುವುದು, ನಾಡಿದ್ದು ದುಡಿಯುವುದು, ಆಚೆ ನಾಡಿದ್ದು ಇನ್ನೊಬ್ಬರಿಗೆ ಉಣಿಸುವುದು ಎಂಬುದು. ಅದೂ ದೂರದ ವರ್ಷಗಳನ್ನು ನೋಡುವ ಭರವಸೆಯೇ. ಆದರೆ ಅದು ಇಂದಿನ ಸಂಜೆಯ ಅನ್ನದಿಂದ ಮೊದಲಾಗುತ್ತಿತ್ತು. ಪೇಟೆಯ ಭರವಸೆಗೆ ಕೊರತೆಯಾದುದು ಈ ಮೊದಲ ಮೆಟ್ಟಿಲು.

ಇನ್ನೊಮ್ಮೆ ಅಂಥ ಕಾಲ ಬಂದರೆ ಸದ್ಭಕ್ತನಾದ ಗೃಹಸ್ಥನು ಹೂಡುವ ಮುನ್ನ ಇಷ್ಟನ್ನು ನೋಡಿಕೊಳ್ಳಲಿ. ಹೂಡುವ ಹಣ ಮನೆಯವರ ಅನ್ನದ್ದೂ ಔಷಧದ್ದೂ ಅಲ್ಲ, ಸಾಲದ್ದೂ ಅಲ್ಲ ಎಂಬುದು ಖಚಿತವಾಗಿರಲಿ. ಯಾವ ಕಂಪೆನಿ, ಯಾವ ಉದ್ಯೋಗ, ಎಂತಹ ಲಾಭ ಎಂಬುದು ತನ್ನ ಅರಿವಿನಲ್ಲಿರಲಿ. ಪರರ ಮಾತಿನ ಮೇಲೆ ಮನೆಯನ್ನು ಒತ್ತೆಯಿಡದಿರಲಿ. ತನ್ನ ಲಾಭಕ್ಕೆ ನೆರೆಯವನ ಕೇಡು ಬೇಕಾಗುವ ವ್ಯವಹಾರವಾದರೆ ಅದನ್ನು ಮುಟ್ಟದಿರಲಿ. ಬರುವ ಲಾಭದಲ್ಲಿ ದಾಸೋಹಕ್ಕೆ ಎಷ್ಟು ಎಂಬುದನ್ನು ಲಾಭ ಬರುವ ಮೊದಲೇ ನಿಶ್ಚಯಿಸಲಿ. ಬಂದ ಮೇಲೆ ಮನಸ್ಸು ನೂರು ನೆವ ಹೇಳುವುದು. ಪೇಟೆ ಬಿದ್ದರೂ ತನ್ನ ಕಾಯಕ ನಿಲ್ಲದಿರಲಿ, ಏರಿದರೂ ನಿಲ್ಲದಿರಲಿ. ಏಕೆಂದರೆ ಭಕ್ತನ ಬಾಳು ನಿಂತಿರುವುದು ಸೂಚ್ಯಂಕದ ಮೇಲಲ್ಲ, ದುಡಿಮೆಯ ಮೇಲೆ.

ಮಹಾಮಾರಿಯ ಕಾಲದಲ್ಲಿ ಭರವಸೆ ಇಟ್ಟುದು ತಪ್ಪಲ್ಲ. ಭರವಸೆಯಿಲ್ಲದಿದ್ದರೆ ಲಸಿಕೆಯೂ ಬರುತ್ತಿರಲಿಲ್ಲ, ಕಾರ್ಖಾನೆಯೂ ತೆರೆಯುತ್ತಿರಲಿಲ್ಲ. ಆ ಭರವಸೆ ಯಾರ ಮನೆಯಲ್ಲಿ ಒಂದು ತುತ್ತನ್ನಾದರೂ ನೆರೆಯವನ ತಟ್ಟೆಗೆ ಇಳಿಸಿತೋ ಅಲ್ಲಿ ಅದು ನ್ಯಾಯವಾಯಿತು. ಯಾರ ಮನೆಯಲ್ಲಿ ಅದು ಸಂಖ್ಯೆಯಾಗಿಯೇ ಉಳಿಯಿತೋ ಅಲ್ಲಿ ಆ ಸಾಲ ಇನ್ನೂ ತೀರಿಲ್ಲ. ತೀರಿಸಲು ಇಂದಿಗೂ ಕಾಲ ಮಿಂಚಿಲ್ಲ. ಆ ವರ್ಷಗಳಲ್ಲಿ ಮುಖ್ಯ ದುಡಿಮೆಗಾರನನ್ನು ಕಳೆದುಕೊಂಡ ಮನೆಗಳು ಎಲ್ಲ ಊರುಗಳಲ್ಲಿಯೂ ಇವೆ, ಅಲ್ಲಿಯ ಮಕ್ಕಳು ಇನ್ನೂ ಶಾಲೆಗೆ ಹೋಗುತ್ತಿದ್ದಾರೆ.